ರಿಟರ್ನ್ ಅವಧಿ ಮುಗಿದರೆ ಗ್ರಾಹಕರ ಹಕ್ಕೂ ಮುಗಿಯಿತೇ?

ಸೂರತ್‌ನ ಸೀರೆ ಬಾಗಲಕೋಟೆಗೂ ದೆಹಲಿಯ ಮಿಕ್ಸಿ ಪುತ್ತೂರಿಗೂ ನಾಲ್ಕೈದು ದಿನದಲ್ಲಿ ಬಂದು ಮುಟ್ಟುವ ಕಾಲ ಇದು. ಬಂದ ವಸ್ತು ಚೆನ್ನಾಗಿದ್ದರೆ ಎಲ್ಲವೂ ಸಲೀಸು. ಬಣ್ಣ ಬೇರೆಯಾಗಿದ್ದರೆ, ಜಾರಿನ ಮುಚ್ಚಳ ಒಡೆದಿದ್ದರೆ, ಹೊಸದೆಂದು ಹೇಳಿ ಹಳೆಯ ಮಾಲು ಕಳಿಸಿದ್ದರೆ ಪೇಚಾಟ ಶುರು. ಆ್ಯಪ್‌ನಲ್ಲಿ ‘ರಿಟರ್ನ್ ಅವಧಿ ಮುಗಿದಿದೆ’ ಎಂಬ ಒಂದು ಸಾಲು ಕಂಡೊಡನೆ ಬಹಳ ಜನ ಅಲ್ಲಿಗೇ ಕೈಚೆಲ್ಲಿಬಿಡುತ್ತಾರೆ. ‘ಎಂಟುನೂರು ರೂಪಾಯಿಗೆ ಯಾರು ಅಲೆಯುತ್ತಾರೆ, ಹೋಗಲಿ ಬಿಡು’ ಎಂದು ಕೆಟ್ಟ ವಸ್ತುವನ್ನು ಅಟ್ಟಕ್ಕೆ ಸೇರಿಸುತ್ತಾರೆ.

ಹೀಗೆ ಬಿಟ್ಟುಕೊಟ್ಟ ಹಣ ದುಡಿದು ಗಳಿಸಿದ್ದು. ಅದನ್ನು ವಾಪಸ್ ಪಡೆಯಲು ಒಂದು ವ್ಯತ್ಯಾಸ ಗೊತ್ತಿರಬೇಕು. ಕಂಪನಿಯ ರಿಟರ್ನ್ ಪಾಲಿಸಿ ಬೇರೆ, ದೇಶದ ಕಾನೂನು ಬೇರೆ. ಪಾಲಿಸಿ ಕಂಪನಿ ತಾನಾಗಿ ಕೊಡುವ ಸೌಲಭ್ಯ. ಅದನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಅದರ ಇಷ್ಟ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಮತ್ತು 2020ರ ಜುಲೈನಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ನಿಯಮಗಳು ಕೊಟ್ಟಿರುವ ಹಕ್ಕನ್ನು ಮಾತ್ರ ಯಾವ ಪಾಲಿಸಿಯೂ ಅಳಿಸಲಾರದು. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಹುಟ್ಟಿದ ತಪ್ಪು ಕಲ್ಪನೆಗಳು ಹಲವು.

ತಪ್ಪು ಕಲ್ಪನೆ 1: ಆನ್‌ಲೈನ್‌ನಲ್ಲಿ ಕೊಂಡದ್ದು ಹಿಡಿಸದಿದ್ದರೆ ವಾಪಸ್ ಮಾಡುವುದು ಕಾನೂನು ಕೊಟ್ಟ ಹಕ್ಕು

ಸತ್ಯ: ಭಾರತದಲ್ಲಿ ಅಂಥ ಸಾರ್ವತ್ರಿಕ ಹಕ್ಕು ಇಲ್ಲ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಕೆಲವು ಬಗೆಯ ವಸ್ತುಗಳನ್ನು ಬಿಟ್ಟು ಉಳಿದದ್ದನ್ನು 14 ದಿನದೊಳಗೆ ಕಾರಣ ಹೇಳದೆಯೇ ಹಿಂದಿರುಗಿಸಬಹುದು. ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ಇರುವ ಮಗ ಹೇಳಿದ ಮಾತು ಅಲ್ಲಿಗೆ ಸರಿ, ಇಲ್ಲಿಗೆ ಅಲ್ಲ. ಇಲ್ಲಿ ‘ಬಣ್ಣ ಇಷ್ಟವಾಗಲಿಲ್ಲ’, ‘ಮನಸ್ಸು ಬದಲಾಯಿತು’ ಎಂಬ ಕಾರಣಕ್ಕೆ ವಾಪಸ್ ತೆಗೆದುಕೊಂಡರೆ ಅದು ಕಂಪನಿಯ ಪಾಲಿಸಿಯಿಂದ. ಆದ್ದರಿಂದ ಅಂಥ ಕಾರಣಗಳಿಗೆ ಪಾಲಿಸಿಯಲ್ಲಿ ಹೇಳಿದ ಅವಧಿ, ಷರತ್ತು, ಟ್ಯಾಗ್ ಕೀಳಬಾರದೆಂಬ ನಿಯಮ ಎಲ್ಲವೂ ನಮ್ಮನ್ನು ಕಟ್ಟಿಹಾಕುತ್ತವೆ. ‘ಬೈ’ ಬಟನ್ ಒತ್ತುವ ಮೊದಲು ಅದನ್ನು ಓದುವುದು ನಮ್ಮ ಹೊಣೆ.

ಸೀರೆಯನ್ನು ಮದುವೆಗೆ ಉಟ್ಟು ಮಾರನೇ ದಿನ ‘ಡ್ಯಾಮೇಜ್ ಇದೆ’ ಎಂದು ಹಿಂದಿರುಗಿಸುವವರೂ ಇದ್ದಾರೆ. ಅದರ ನಷ್ಟ ದೊಡ್ಡ ಕಂಪನಿಗಿಂತ ಹೆಚ್ಚಾಗಿ ಸಣ್ಣ ಮಾರಾಟಗಾರರ ತಲೆಗೆ ಬೀಳುತ್ತದೆ. ನಿಜವಾಗಿ ಮೋಸಹೋದ ಗ್ರಾಹಕರ ಮಾತನ್ನೂ ಅನುಮಾನದಿಂದ ನೋಡುವ ಹಾಗಾಗುತ್ತದೆ. ಹಕ್ಕು ಕೇಳುವವರ ಬಾಯಲ್ಲಿ ಸುಳ್ಳು ಇರಬಾರದು.

ತಪ್ಪು ಕಲ್ಪನೆ 2: ‘ನೋ ರಿಟರ್ನ್’ ಎಂದು ಬರೆದಿದ್ದರೆ ಏನೂ ಮಾಡಲಾಗದು

ಸತ್ಯ: ಇಷ್ಟವಾಗದ ವಸ್ತುವಿಗೆ ಈ ಮಾತು ಅನ್ವಯಿಸೀತು, ದೋಷವಿರುವ ವಸ್ತುವಿಗೆ ಅಲ್ಲ. ಇ-ಕಾಮರ್ಸ್ ನಿಯಮಗಳಲ್ಲಿ 6ನೆಯದು ಮಾರಾಟಗಾರರ ಕರ್ತವ್ಯಗಳನ್ನು ಹೇಳುತ್ತದೆ. ವಸ್ತು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣ ಇಲ್ಲದಿದ್ದರೆ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದಿದ್ದರೆ, ಮಾರಾಟಗಾರ ಅದನ್ನು ವಾಪಸ್ ತೆಗೆದುಕೊಳ್ಳಲು ಅಥವಾ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿ. ಒಳ ಉಡುಪು, ಸೌಂದರ್ಯವರ್ಧಕ, ತಿಂಡಿ ತಿನಿಸುಗಳನ್ನು ಸ್ವಚ್ಛತೆಯ ಕಾರಣಕ್ಕೆ ‘ನೋ ರಿಟರ್ನ್’ ಪಟ್ಟಿಗೆ ಸೇರಿಸುವುದು ರೂಢಿ. ಆದರೆ ಅವಧಿ ಮೀರಿದ ಕ್ರೀಮ್ ಬಂದಿದ್ದರೆ, ಕೇಳಿದ್ದು ಒಂದು ಬಂದಿದ್ದು ಇನ್ನೊಂದಾದರೆ ಆ ಪಟ್ಟಿ ಮಾರಾಟಗಾರನ ರಕ್ಷಣೆಗೆ ಬರುವುದಿಲ್ಲ.

ಅವಧಿಯ ಮಾತೂ ಇದೆ. ಬಿಲ್‌ನಲ್ಲಿ ನಮೂದಿಸಿದ ಅವಧಿಯೊಳಗೆ, ಏನೂ ನಮೂದಿಸದಿದ್ದರೆ 30 ದಿನದೊಳಗೆ, ದೋಷವಿರುವ ವಸ್ತುವನ್ನು ಹಿಂದೆ ಪಡೆದು ಹಣ ಕೊಡಲು ಒಪ್ಪದಿರುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಳಸತೊಡಗಿದ ಮೇಲೆ ಬಯಲಾಗುವ ತಯಾರಿಕಾ ದೋಷಗಳೂ ಇರುತ್ತವೆ. ಅಂಥದ್ದಕ್ಕೆ ವಾರಂಟಿ ಇದೆ. ಅದೂ ಕೈಕೊಟ್ಟರೆ ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹಾಗೆಂದು ಕಾಯುತ್ತ ಕೂರಬೇಡಿ. ದೋಷ ಕಂಡ ದಿನವೇ ಬರಹದಲ್ಲಿ ದೂರು ಹೋದರೆ ಅದಕ್ಕೆ ಬರುವ ತೂಕವೇ ಬೇರೆ.

ತಪ್ಪು ಕಲ್ಪನೆ 3: ‘ನಾವು ಬರೀ ವೇದಿಕೆ’ ಎಂದು ಆ್ಯಪ್ ಕಂಪನಿ ಹೇಳಿದರೆ ಅದಕ್ಕೆ ಹೊಣೆಯೇ ಇಲ್ಲ

ಸತ್ಯ: ದೊಡ್ಡ ಆ್ಯಪ್‌ಗಳಲ್ಲಿ ವಸ್ತು ಮಾರುವವರು ಬೇರೆ, ವೇದಿಕೆ ನಡೆಸುವವರು ಬೇರೆ ಎಂಬುದು ನಿಜ. ವಿದೇಶಿ ಬಂಡವಾಳ ಇರುವ ಕಂಪನಿಗಳು ಇಲ್ಲಿ ಸ್ವಂತ ದಾಸ್ತಾನು ಇಟ್ಟು ನೇರವಾಗಿ ಗ್ರಾಹಕರಿಗೆ ಮಾರದೆ ಮಾರುಕಟ್ಟೆಯನ್ನಷ್ಟೇ ನಡೆಸಬೇಕು ಎಂಬುದು ಸರ್ಕಾರದ ನೀತಿ. ಆದರೆ ಮಾರುಕಟ್ಟೆ ನಡೆಸುವವರಿಗೂ ಕರ್ತವ್ಯಗಳಿವೆ. ಮಾರಾಟಗಾರರ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಮತ್ತು ರಿಟರ್ನ್, ರೀಫಂಡ್, ವಾರಂಟಿಗಳ ವಿವರ ಪರದೆಯಲ್ಲಿ ಕಾಣುವಂತಿರಬೇಕು. ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಹುದ್ದೆ, ಸಂಪರ್ಕ ವಿವರ ಪ್ರಕಟಿಸಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪ್ರತಿ ದೂರಿಗೂ ಒಂದು ಟಿಕೆಟ್ ಸಂಖ್ಯೆ ಕೊಡಬೇಕು.

2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಆದೇಶವೊಂದನ್ನು ಇಲ್ಲಿ ನೆನೆಯಬೇಕು. ಕಡ್ಡಾಯ ಗುಣಮಟ್ಟಕ್ಕೆ ಹೊಂದದ 2,265 ಪ್ರೆಶರ್ ಕುಕ್ಕರ್‌ಗಳು ಅಮೆಜಾನ್ ಮೂಲಕ ಮಾರಾಟವಾಗಿದ್ದವು. ಕೊಂಡವರಿಗೆಲ್ಲ ವಿಷಯ ತಿಳಿಸಿ, ಕುಕ್ಕರ್ ಹಿಂಪಡೆದು, ಹಣ ವಾಪಸ್ ಮಾಡಬೇಕೆಂದು ಆದೇಶಿಸಿದ ಪ್ರಾಧಿಕಾರ 1 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಫ್ಲಿಪ್‌ಕಾರ್ಟ್‌ಗೂ ಅದೇ ತಿಂಗಳು ಇಂಥದೇ ಆದೇಶ ಹೋಯಿತು. ಮಧ್ಯವರ್ತಿ ಎಂದ ಮಾತ್ರಕ್ಕೆ ಎಲ್ಲ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂಬುದು ಪ್ರಾಧಿಕಾರದ ನಿಲುವಾಗಿತ್ತು.

ಒಂದು ಸಣ್ಣ ಅಭ್ಯಾಸ ಮಾಡಿಕೊಳ್ಳಿ. ಆರ್ಡರ್ ಪುಟದಲ್ಲಿ ‘ಇನ್‌ವಾಯ್ಸ್’ ಒತ್ತಿ ಬಿಲ್ ಇಳಿಸಿಕೊಳ್ಳಿ. ‘ಸೋಲ್ಡ್ ಬೈ’ ಎಂಬುದರ ಕೆಳಗೆ ಮಾರಾಟಗಾರ ಸಂಸ್ಥೆಯ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಇರುತ್ತವೆ. ದೂರಿನಲ್ಲಿ ಮಾರಾಟಗಾರ ಮತ್ತು ವೇದಿಕೆ ಇಬ್ಬರ ಹೆಸರನ್ನೂ ಸೇರಿಸಿ. ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸಿ ಕೂರಲು ಆಗ ಅವಕಾಶ ಸಿಗದು.

ತಪ್ಪು ಕಲ್ಪನೆ 4: ಪಾರ್ಸೆಲ್ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ಹಣ ಬರುವುದೇ ಇಲ್ಲ

ಸತ್ಯ: ವಿಡಿಯೊ ಇರಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ. ಕೆಲವು ಮಾರಾಟಗಾರರು ಹಾಗೊಂದು ಷರತ್ತು ಹಾಕುತ್ತಾರೆ, ಅಷ್ಟೆ. ಪೆಟ್ಟಿಗೆಯ ಫೋಟೊ, ವಿಳಾಸದ ಚೀಟಿ, ವಸ್ತುವಿನ ಚಿತ್ರ, ಅಂದೇ ಕಳಿಸಿದ ಇಮೇಲ್ ಇವೂ ಪುರಾವೆಗಳೇ. ಆದರೂ ಮೊಬೈಲ್, ಲ್ಯಾಪ್‌ಟಾಪ್, ಬಂಗಾರದಂಥ ಬೆಲೆಬಾಳುವ ವಸ್ತುವಾದರೆ ವಿಡಿಯೊ ಮಾಡಿಟ್ಟುಕೊಳ್ಳುವುದು ಜಾಣತನ. ಮುಚ್ಚಿದ ಪೆಟ್ಟಿಗೆಯ ನಾಲ್ಕೂ ಬದಿ, ಅಂಟುಪಟ್ಟಿ ಮತ್ತು ವಿಳಾಸದ ಚೀಟಿಯನ್ನು ತೋರಿಸಿ, ಮಧ್ಯದಲ್ಲಿ ನಿಲ್ಲಿಸದೆ ವಸ್ತು ಹೊರಬರುವವರೆಗೆ ಚಿತ್ರೀಕರಿಸಿ.

ಬಾಗಿಲಲ್ಲೇ ಪೆಟ್ಟಿಗೆ ತೆರೆದು ತೋರಿಸುವ ‘ಓಪನ್ ಬಾಕ್ಸ್ ಡೆಲಿವರಿ’ ಆದರೆ ಒಟಿಪಿ ಹೇಳುವ ಕ್ಷಣವೇ ಮುಖ್ಯ. ಒಟಿಪಿ ಕೊಟ್ಟರೆ ‘ನೋಡಿದೆ, ಸರಿಯಿದೆ’ ಎಂದು ಒಪ್ಪಿದಂತೆ ದಾಖಲಾಗುತ್ತದೆ. ಡೆಲಿವರಿ ಹುಡುಗನಿಗೆ ಇನ್ನೂ ಹತ್ತು ಮನೆ ಬಾಕಿಯಿರಬಹುದು, ಆತ ಅವಸರ ಮಾಡಬಹುದು. ಮರ್ಯಾದೆಯಿಂದಲೇ ‘ಒಂದು ನಿಮಿಷ ಇರಪ್ಪ, ನೋಡಿ ಹೇಳುತ್ತೇನೆ’ ಎನ್ನಿ. ವಸ್ತು ಬೇರೆಯಾಗಿದ್ದರೆ ಒಟಿಪಿ ಕೊಡಬೇಡಿ. ತಪ್ಪು ಆತನದಲ್ಲ, ಅವನ ಮೇಲೆ ರೇಗಿ ಫಲವಿಲ್ಲ.

ವಾಪಸ್ ಕೊಡುವಾಗಲೂ ಇಷ್ಟೇ ಎಚ್ಚರ ಬೇಕು. ‘ನೀವು ಹಿಂದಿರುಗಿಸಿದ ಫೋನ್ ನಮ್ಮದಲ್ಲ’ ಎಂಬ ತಕರಾರು ಬರುವುದುಂಟು. ಮೊಬೈಲಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಅದನ್ನೂ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನೂ ಒಂದೇ ಫೋಟೊದಲ್ಲಿ ಹಿಡಿದಿಡಿ. ಪಿಕಪ್ ಆದ ಸಂದೇಶವನ್ನು ಹಣ ಕೈಸೇರುವವರೆಗೆ ಅಳಿಸಬೇಡಿ.

ತಪ್ಪು ಕಲ್ಪನೆ 5: ರೀಫಂಡನ್ನು ಕೂಪನ್ನಾಗಿ, ವ್ಯಾಲೆಟ್‌ಗೆ ಕೊಟ್ಟರೆ ತೆಗೆದುಕೊಳ್ಳಲೇಬೇಕು

ಸತ್ಯ: ನಾವು ಕಟ್ಟಿದ ಹಣವನ್ನು ಮಾರಾಟಗಾರರಿಗೆ ಮುಟ್ಟಿಸುವ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ರಿಸರ್ವ್ ಬ್ಯಾಂಕ್ 2020ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ಗ್ರಾಹಕರು ಬೇರೆ ದಾರಿಗೆ ಒಪ್ಪದ ಹೊರತು, ಹಣ ಯಾವ ಮಾರ್ಗದಿಂದ ಹೋಯಿತೋ ಅದೇ ಮಾರ್ಗದಿಂದ ವಾಪಸ್ ಬರಬೇಕು. 2024ರ ಅಕ್ಟೋಬರ್‌ನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ ಕಂಪನಿಗೆ ಇಂಥದೇ ಸೂಚನೆ ಕೊಟ್ಟಿತ್ತು: ಬರೀ ಕೂಪನ್ ಕೊಡುವುದು ಸಲ್ಲದು, ಬ್ಯಾಂಕ್ ಖಾತೆಗೋ ಕೂಪನ್ನೋ ಎಂಬ ಆಯ್ಕೆ ಗ್ರಾಹಕರಿಗೆ ಇರಬೇಕು ಎಂದು. ‘ವ್ಯಾಲೆಟ್‌ಗೆ ತಕ್ಷಣ, ಬ್ಯಾಂಕಿಗೆ ಕೆಲವು ದಿನ’ ಎಂದು ಆ್ಯಪ್ ಕೇಳುವಾಗ ಅವಸರದಲ್ಲಿ ಮೊದಲನೆಯದನ್ನು ಒತ್ತಿದರೆ ಅದೇ ನಮ್ಮ ಒಪ್ಪಿಗೆಯಾಗುತ್ತದೆ. ವ್ಯಾಲೆಟ್‌ನ ಹಣ ಹಲವು ಸಲ ಮತ್ತೆ ಅದೇ ಅಂಗಡಿಯಲ್ಲೇ ಖರ್ಚಾಗಬೇಕಾಗುತ್ತದೆ ಎಂಬುದು ನೆನಪಿರಲಿ.

ತಪ್ಪು ಕಲ್ಪನೆ 6: ರೀಫಂಡ್ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗುತ್ತದೆ

ಸತ್ಯ: ಎರಡು ಬೇರೆ ವಿಷಯಗಳು ಇಲ್ಲಿ ಕಲಸಿಹೋಗಿವೆ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ವಿಫಲವಾದ ಪಾವತಿಗಳ ಕುರಿತದ್ದು. ಯುಪಿಐನಲ್ಲಿ ಅಂಗಡಿಗೆ ಹಣ ಕಟ್ಟುವಾಗ ನಮ್ಮ ಖಾತೆಯಿಂದ ಕಡಿತವಾಗಿ ಅವರಿಗೆ ಮುಟ್ಟದಿದ್ದರೆ, ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ. ವಸ್ತು ಹಿಂದಿರುಗಿಸಿದ ಮೇಲೆ ಬರಬೇಕಾದ ರೀಫಂಡಿಗೆ ಈ ಲೆಕ್ಕ ಅನ್ವಯಿಸದು. ಅದಕ್ಕೆ ‘ಸಮಂಜಸ ಅವಧಿ’ ಎಂದಷ್ಟೇ ಇ-ಕಾಮರ್ಸ್ ನಿಯಮ ಹೇಳುತ್ತದೆ.

‘ನಾವು ಹಣ ಕಳಿಸಿಯಾಗಿದೆ, ಬ್ಯಾಂಕ್ ಕೇಳಿ’ ಎಂದು ಕಂಪನಿ ಹೇಳಿದರೆ ಸಂಖ್ಯೆ ಕೇಳಿ ಪಡೆಯಿರಿ. ಕಾರ್ಡ್ ಆದರೆ ಎಆರ್‌ಎನ್, ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ಸಂಖ್ಯೆ. ಆ ಸಂಖ್ಯೆ ಹಿಡಿದು ಬ್ಯಾಂಕಿಗೆ ಹೋದರೆ ಹಣ ಎಲ್ಲಿ ನಿಂತಿದೆ ಎಂದು ಹುಡುಕಬಹುದು. ಸಂಖ್ಯೆಯೇ ಕೊಡದಿದ್ದರೆ ಹಣ ಹೊರಟೇ ಇಲ್ಲದಿರುವ ಸಾಧ್ಯತೆ ಹೆಚ್ಚು.

ತಪ್ಪು ಕಲ್ಪನೆ 7: ಗೂಗಲ್‌ನಲ್ಲಿ ಸಿಗುವ ಕಸ್ಟಮರ್ ಕೇರ್ ಸಂಖ್ಯೆಗೆ ಕರೆ ಮಾಡಿದರೆ ಬೇಗ ಕೆಲಸವಾಗುತ್ತದೆ

ಸತ್ಯ: ವಂಚಕರು ಬಲೆ ಬೀಸಿರುವುದೇ ಅಲ್ಲಿ. ರೀಫಂಡಿಗಾಗಿ ಚಡಪಡಿಸುವವರು ಸಂಖ್ಯೆ ಹುಡುಕುತ್ತಾರೆಂದು ಗೊತ್ತಿದ್ದೇ ನಕಲಿ ಸಂಖ್ಯೆಗಳನ್ನು ಹಾಕಿರುತ್ತಾರೆ. ಸಮಾಧಾನದ ದನಿಯಲ್ಲಿ ಮಾತಾಡಿ, ‘ಈ ಲಿಂಕ್ ಒತ್ತಿ, ಈ ಆ್ಯಪ್ ಹಾಕಿಕೊಳ್ಳಿ, ಯುಪಿಐ ಪಿನ್ ಕೊಡಿ, ಹಣ ಬರುತ್ತದೆ’ ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮನೆಯ ಹಿರಿಯರಿಗೆ ಇದೊಂದನ್ನು ಕೂರಿಸಿ ಹೇಳಿಕೊಡಿ. ಸಂಪರ್ಕ ಯಾವಾಗಲೂ ಆ್ಯಪ್‌ನ ಒಳಗಿನ ಸಹಾಯ ಪುಟದಿಂದಲೇ ಇರಲಿ. ಮೋಸಹೋದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ತಪ್ಪು ಕಲ್ಪನೆ 8: ಕೇಸು ಹಾಕಲು ಲಾಯರ್ ಬೇಕು, ಕಂಪನಿ ಇರುವ ಊರಿಗೆ ಅಲೆಯಬೇಕು, ಖರ್ಚು ಬಹಳ

ಸತ್ಯ: ಮೂರೂ ಸುಳ್ಳು. ಮೊದಲ ಹೆಜ್ಜೆಗೆ ಕೇಸಿನ ಮಾತೇ ಬೇಡ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯಿರಿ. ಆರ್ಡರ್ ಸಂಖ್ಯೆ, ತಾರೀಕು, ಏನು ಕೇಳಿದ್ದಿರಿ, ಏನು ಬಂತು, ಏನು ಪರಿಹಾರ ಬೇಕು ಎಂದು ಹತ್ತು ಸಾಲಿನಲ್ಲಿ ಬರೆದು ಬಿಲ್ ಮತ್ತು ಫೋಟೊ ಲಗತ್ತಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕೇಸಿಗೆ ಮುಂಚಿನ ಹಂತದಲ್ಲೇ ಅವರು ಕಂಪನಿಯನ್ನು ಸಂಪರ್ಕಿಸಿ ಇತ್ಯರ್ಥಕ್ಕೆ ಯತ್ನಿಸುತ್ತಾರೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ತಂದ ದೊಡ್ಡ ಅನುಕೂಲವೆಂದರೆ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಮಾರಾಟಗಾರ ಗುರುಗ್ರಾಮದಲ್ಲಿದ್ದರೂ ಹಾಸನದವರಿಗೆ ಹಾಸನದ ಆಯೋಗವೇ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೇ ಇಲ್ಲ. ಲಾಯರ್ ಇಲ್ಲದೆ ನಾವೇ ವಾದ ಹೇಳಬಹುದು. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ವಸ್ತುವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಿಲ್ಲದಿದ್ದರೆ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂಬುದು ಕಾಯ್ದೆಯ ಆಶಯ. ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ಅಷ್ಟು ತಾಳ್ಮೆ ಬೇಕು. ಗೆದ್ದರೆ ವಸ್ತುವಿನ ಬೆಲೆಯ ಜೊತೆಗೆ ಪಟ್ಟ ತೊಂದರೆಗೆ ಪರಿಹಾರ ಮತ್ತು ವ್ಯಾಜ್ಯದ ಖರ್ಚನ್ನೂ ಕೊಡಿಸುವ ಅಧಿಕಾರ ಆಯೋಗಕ್ಕಿದೆ.

ಎಂಟುನೂರು ರೂಪಾಯಿಯ ಲೆಕ್ಕವನ್ನು ಮಾರಾಟಗಾರರೂ ಹಾಕಿರುತ್ತಾರೆ. ಸಣ್ಣ ಮೊತ್ತಕ್ಕೆ ಯಾರೂ ಬೆನ್ನುಹತ್ತುವುದಿಲ್ಲ ಎಂಬ ನಂಬಿಕೆಯಿಂದಲೇ ಕೆಲವರು ಕಳಪೆ ಮಾಲನ್ನು ಸಾವಿರಾರು ಮನೆಗಳಿಗೆ ಧೈರ್ಯವಾಗಿ ಕಳಿಸುತ್ತಾರೆ. ಒಂದು ಇಮೇಲ್, 1915ಕ್ಕೆ ಒಂದು ಕರೆ ಆ ನಂಬಿಕೆಯನ್ನು ಅಲುಗಿಸುತ್ತವೆ. ನಿಮ್ಮ ಹಣ ಬರುವುದರ ಜೊತೆಗೆ ಮುಂದಿನ ಗ್ರಾಹಕರಿಗೆ ಸರಿಯಾದ ವಸ್ತು ಹೋಗುವ ಸಾಧ್ಯತೆಯೂ ಹೆಚ್ಚುತ್ತದೆ. ಆದ್ದರಿಂದ ಮೊತ್ತ ಎಷ್ಟೇ ಸಣ್ಣದಿರಲಿ, ದೂರು ಕೊಡಿ.