ನಕ್ಷೆ ಬರೆಯುವ ಭಂಡಾರವನ್ನು ಸ್ವಂತ ಪ್ರೋಗ್ರಾಮಿಗೆ ಜೋಡಿಸುವ ವಿಚಾರ



ಕಳೆದ ರಜೆಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ನನ್ನನ್ನು ಕಾಣಬಂದಳು. ಮಂಗಳೂರಿನ ತಿಂಗಳುವಾರು ಮಳೆಯ ಲೆಕ್ಕವನ್ನು ರೇಖಾಚಿತ್ರವಾಗಿ ತೋರಿಸತಕ್ಕ ಪ್ರೋಗ್ರಾಮೊಂದನ್ನು ಸಿ ಭಾಷೆಯಲ್ಲಿ ಬರೆದಿದ್ದಳು. ಯಂತ್ರವು ಅದನ್ನು ಅಂಗೀಕರಿಸಲೊಲ್ಲದು. "ಇವಳಿಗೆ ಈ ವಿದ್ಯೆ ಹತ್ತುವುದಿಲ್ಲವೋ ಏನೋ, ಟೀಚರೇ" ಎಂದು ತಾಯಿ ನೊಂದು ನುಡಿದರು. ನೋಡಲಾಗಿ, ಆಕೆಯ ಬರವಣಿಗೆಯಲ್ಲಿ ಒಂದು ತಪ್ಪೂ ಇರಲಿಲ್ಲ, ಕೊರತೆಯಿದ್ದದ್ದು ಜೋಡಣೆಯಲ್ಲಿ. ಇಂಥ ಕಡೆಯಲ್ಲೇ ಅನೇಕ ಹುಡುಗಿಯರು ಧೈರ್ಯಗುಂದಿ ಹಿಂದೆಗೆಯುವುದರಿಂದ ಇದನ್ನು ಬರೆಯುತ್ತಿದ್ದೇನೆ.

1843ರಲ್ಲಿ ನಮ್ಮೂರಿನಿಂದ ಹೊರಟ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿ ಮುದ್ರಿತವಾಯಿತೆಂಬುದು ತಮಗೆ ತಿಳಿದದ್ದೇ. ಕಲ್ಲಚ್ಚಿಗೆ ಪ್ರತಿಯೊಂದು ಅಕ್ಷರವನ್ನೂ ಕೈಯಿಂದ ಬರೆಯಬೇಕು; ಮೊಳೆಯಚ್ಚಿಗಾದರೋ ಎರಕ ಹೊಯ್ದ ಅಕ್ಷರಗಳನ್ನು ಪೆಟ್ಟಿಗೆಯಿಂದ ತೆಗೆದು ಜೋಡಿಸಿದರೆ ಸಾಕು. ಗಣಕಯಂತ್ರದ ಲೈಬ್ರರಿಯೂ ಅಂಥ ಮೊಳೆಪೆಟ್ಟಿಗೆಯೇ. ಗೆರೆ ಎಳೆಯುವುದು, ಅಳತೆಯ ಗುರುತು ಹಾಕುವುದು, ಹೆಸರು ಬರೆಯುವುದು, ಇವೆಲ್ಲವನ್ನೂ ಯಾರೋ ಮೊದಲೇ ಮಾಡಿಟ್ಟಿರುತ್ತಾರೆ. ನಮ್ಮ ಹುಡುಗಿ ಬಳಸಿದ್ದು ಪಿಜಿಪ್ಲಾಟ್. ಅಮೇರಿಕದ ಕ್ಯಾಲ್ಟೆಕ್ಕಿನಲ್ಲಿ ಟಿಮ್ ಪಿಯರ್ಸನ್ ಎಂಬವರು 1983ರಲ್ಲಿ ಆರಂಭಿಸಿದ್ದು, ಖಗೋಳಶಾಸ್ತ್ರಜ್ಞರಲ್ಲಿ ಬಹಳ ಬಳಕೆಗೆ ಬಂದದ್ದು.

ಅದು ಯಂತ್ರದಲ್ಲಿ ಸ್ಥಾಪಿತವಾಗಿದ್ದ ಮಾತ್ರಕ್ಕೆ ಪ್ರೋಗ್ರಾಮಿಗೆ ದೊರೆಯುವುದಿಲ್ಲ. ದಾಟಬೇಕಾದ ಬಾಗಿಲುಗಳು ಮೂರುಂಟು. ಮೊದಲನೆಯದರಲ್ಲಿ ಕಂಪೈಲರ್ ಕೇಳುವುದು ಹೆಡರ್ ಎಂಬ ಕಡತವನ್ನು. ಅದು ಬರಿಯ ಹೆಸರುಗಳ ಪಟ್ಟಿ. ಅದನ್ನು ಸೇರಿಸಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವುದೇ ಮಕ್ಕಳ ಮೊದಲ ಭ್ರಮೆ.

ಎರಡನೆಯ ಬಾಗಿಲಲ್ಲಿ ಲಿಂಕರ್ ನಿಂತಿದೆ. ಇಂಥ ಹೆಸರಿನ ಕೆಲಸ ಎಲ್ಲಿಯೂ ಸಿಕ್ಕಲಿಲ್ಲವೆಂದು ಅದು ದೂರುತ್ತದೆ. ಆ ದೂರನ್ನು ಗದರಿಕೆಯೆಂದು ತಿಳಿಯದೆ ಸುಳುಹೆಂದು ಓದಬೇಕು. 'ಸಿಪಿಜಿ' ಎಂದು ಮೊದಲಾಗುವ ಹೆಸರುಗಳು ಕಾಣೆಯಾದರೆ ಸಿ ಭಾಷೆಯ ಸೇತುವೆಯಾದ ಸಿಪಿಜಿಪ್ಲಾಟನ್ನು ಹೆಸರಿಸಿಲ್ಲವೆಂದರ್ಥ. ಅದನ್ನು ಸೇರಿಸಿದ ಮೇಲೆ ಕೊನೆಯಲ್ಲಿ ಅಡಿಗೆರೆಯುಳ್ಳ 'ಪಿಜಿ' ಹೆಸರುಗಳ ದೂರು ಬಂದರೆ ಮೂಲ ಪಿಜಿಪ್ಲಾಟ್ ಬೇಕು. ಅದು ಪರದೆಯ ಮೇಲೆ ಚಿತ್ರ ಬರೆಯಲು ಎಕ್ಸ್11ನ್ನು ಅಪೇಕ್ಷಿಸುತ್ತದೆ. ಫೋರ್ಟ್ರಾನಿನಲ್ಲಿ ರಚಿತವಾದ್ದರಿಂದ ಆ ಭಾಷೆಯ ಲೈಬ್ರರಿಯನ್ನೂ ಕೇಳುತ್ತದೆ. ಆಜ್ಞೆಯಲ್ಲಿ ಕ್ರಮವೂ ಮುಖ್ಯ: ಬೇಡುವವನು ಮೊದಲು, ಕೊಡುವವನು ಆಮೇಲೆ. ನಮ್ಮ ಹುಡುಗಿ ಎಲ್ಲವನ್ನೂ ಬರೆದಿದ್ದಳು, ಆದರೆ ತನ್ನ ಪ್ರೋಗ್ರಾಮಿನ ಹೆಸರಿಗಿಂತ ಮುಂಚೆ! ಸ್ಥಳ ಬದಲಾಯಿಸಿದೊಡನೆ ದೂರುಗಳಡಗಿದವು.

ಮೂರನೆಯ ಬಾಗಿಲು ಓಡಿಸುವ ವೇಳೆಯದು. ಹಂಚಿಕೆಯ ಲೈಬ್ರರಿಯು ಪ್ರೋಗ್ರಾಮಿನೊಳಗೆ ಸೇರುವುದಿಲ್ಲ; ವಾಚನಾಲಯದ ಗ್ರಂಥದಂತೆ ತನ್ನ ಸ್ಥಳದಲ್ಲಿಯೇ ಇರುತ್ತದೆ. ಅದನ್ನು ಮನೆಯ ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದರೆ, ಜೋಡಿಸುವಾಗ ತೋರಿಸಿದ ವಿಳಾಸ ಓಡಿಸುವಾಗ ನೆನಪಿರುವುದಿಲ್ಲ; ಲಿನಕ್ಸಿಗೆ ಬೇರೆಯಾಗಿ ತಿಳಿಸಬೇಕು. ಇದು ನನ್ನನ್ನೂ ಹಿಂದೊಮ್ಮೆ ಒಂದು ಸಂಜೆಯೆಲ್ಲಾ ಕಾಡಿತ್ತು.

ಅಂತೂ ಚಿತ್ರ ಮೂಡಿತು. ಆದರೆ ತಿಂಗಳುಗಳ ಹೆಸರುಗಳಿಲ್ಲ. ಪಿಜಿಪ್ಲಾಟಿನ ಅಕ್ಷರಗಳು ಬೇರೊಂದು ಕಡತದಲ್ಲಿರುತ್ತವೆ. ಆ ಕಡತವಿರುವ ಸ್ಥಳವನ್ನು ಸೂಚಿಸಲು, ಜುಲೈ ತಿಂಗಳ ಕಂಬವು ಸಾವಿರ ಮಿಲಿಮೀಟರಿನ ಗೆರೆಯನ್ನು ದಾಟಿ ಹೆಸರುಸಹಿತ ನಿಂತಿತು. ತಾಯಿ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದರು.