ಬಾಣಂತಿಯ ರಜೆ: ಧಣಿಗಳು ತಿಳಿದಿರತಕ್ಕ ಮಾತು

ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವುದು ನಮ್ಮ ನಾಡಿನ ಹಳೆಯ ಪದ್ಧತಿ. ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಾಗಲಿ, ನೆರೆಯ ಪಾಂಡವಪುರ, ನಾಗಮಂಗಲಗಳ ಕಡೆಯಲ್ಲಾಗಲಿ, ಹೆತ್ತ ಮಗಳಿಗೆ ಎಣ್ಣೆನೀರೆರೆದು, ಕಿವಿಗೆ ಬಟ್ಟೆ ಕಟ್ಟಿ, ಬೆಳ್ಳುಳ್ಳಿ ಮೆಣಸಿನ ಸಾರಿನಲ್ಲಿ ಬಿಸಿಯನ್ನವನ್ನಿಕ್ಕಿ, ತಿಂಗಳುಗಟ್ಟಲೆ ಭಾರವಾದ ಕೆಲಸಕ್ಕೆ ಕೈಹಾಕಗೊಡದೆ ಕಾಯುವ ತಾಯಂದಿರನ್ನು ನಾವೆಲ್ಲರೂ ಬಲ್ಲೆವು. ಇದನ್ನು ಅವರಿಗೆ ಯಾವ ಶಾಸನವೂ ಕಲಿಸಲಿಲ್ಲ. ಹೆರಿಗೆಯೆಂಬುದು ಹೆಣ್ಣಿಗೆ ಮರುಹುಟ್ಟು ಎಂಬ ಅನುಭವವೇ ಕಲಿಸಿತು.

ಆದರೆ ಈಗ ಕಾಲವು ಬದಲಾಗಿದೆ. ಹಳ್ಳಿಯ ಹೆಣ್ಣುಮಕ್ಕಳು ಸಿದ್ಧ ಉಡುಪಿನ ಕಾರ್ಖಾನೆಗೂ, ಅಂಗಡಿ ಮಳಿಗೆಗಳಿಗೂ, ಖಾಸಗಿ ಶಾಲೆಗಳಿಗೂ ದುಡಿಯಲು ಹೋಗುತ್ತಾರೆ. ತವರಿನವರು ಕರೆದರೆ ಸಾಲದು, ಧಣಿಯೂ ಕಳುಹಬೇಕು. “ಹೆರಿಗೆಗೆ ಹೋದವಳು ಇನ್ನು ಬರುವುದಿಲ್ಲ” ಎಂದು ಆಕೆಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುವುದೂ, ಆಕೆಯೇ ಅದನ್ನು ಹಣೆಯ ಬರಹವೆಂದು ತಿಳಿದು ಸುಮ್ಮನಾಗುವುದೂ ಉಂಟು. ಇಬ್ಬರಿಗೂ ಶಾಸನದ ತಿಳಿವಳಿಕೆ ಇಲ್ಲದಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ.

ಈ ಹಕ್ಕು ನಿನ್ನೆ ಮೊನ್ನೆಯದಲ್ಲ. 1919ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹೆರಿಗೆಯ ಹಿಂದುಮುಂದಿನ 12 ವಾರಗಳ ಬಿಡುವನ್ನು ಒಪ್ಪಂದವಾಗಿ ಜಗತ್ತಿನ ಮುಂದಿಟ್ಟಿತು. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಸೌಲಭ್ಯದ ಶಾಸನವಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. 1961ರಲ್ಲಿ ದೇಶಕ್ಕೆಲ್ಲ ಒಂದೇ ಶಾಸನ ಬಂದಿತು. 2017ರ ತಿದ್ದುಪಡಿಯು 12 ವಾರಗಳಿದ್ದ ರಜೆಯನ್ನು 26 ವಾರಗಳಿಗೆ ಏರಿಸಿತು. ಆ ಶಾಸನದ ಸಾರವು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿದೆ. ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು.

ಕಾರ್ಖಾನೆಗಳಿಗೂ, 10 ಅಥವಾ ಹೆಚ್ಚು ಮಂದಿ ನೌಕರರಿರುವ ಅಂಗಡಿ ಮುಂತಾದ ಸಂಸ್ಥೆಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದ ಹೆಂಗಸು ವೇತನಸಹಿತ ರಜೆಗೆ ಅರ್ಹಳು. ಮೊದಲೆರಡು ಮಕ್ಕಳಿಗೆ 26 ವಾರ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ಪಡೆಯಬಹುದು. ಎರಡು ಮಕ್ಕಳಿರುವ ತಾಯಿಗೆ ಮುಂದಿನ ಹೆರಿಗೆಗೆ 12 ವಾರ. ಗರ್ಭಪಾತವಾದರೆ 6 ವಾರ. ಹೆರಿಗೆಯಾದ 6 ವಾರದೊಳಗೆ ಆಕೆಯನ್ನು ತಿಳಿದೂ ತಿಳಿದೂ ದುಡಿಸಕೂಡದು.

ಹಣದ ವಿಷಯದಲ್ಲಿಯೂ ನಿಯಮವು ಸ್ಪಷ್ಟವಾಗಿದೆ. ಬಸುರಿಯೆಂಬ ದಾಖಲೆ ಕೊಟ್ಟಮೇಲೆ ಹೆರಿಗೆಗೆ ಮುಂಚಿನ ಅವಧಿಯ ವೇತನವನ್ನು ಮುಂಗಡವಾಗಿಯೇ ಸಲ್ಲಿಸತಕ್ಕದ್ದು. ಹೆರಿಗೆಯಾದ ದಾಖಲೆ ಬಂದ 48 ಗಂಟೆಯೊಳಗೆ ಉಳಿದುದನ್ನು ಕೊಡತಕ್ಕದ್ದು. ರಜೆಯಲ್ಲಿರುವಾಗ ಆಕೆಯನ್ನು ಕೆಲಸದಿಂದ ತೆಗೆಯುವಂತಿಲ್ಲ. ಹಿಂದಿರುಗಿದ ಬಳಿಕ ಕೂಸಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡುವ ಬಿಡುವುಂಟು. 50 ನೌಕರರಿರುವಲ್ಲಿ ಕೂಸಿನ ಮನೆಯ ಏರ್ಪಾಡಿರಬೇಕು. “ಇವಳು ದಿನಗೂಲಿಯವಳು” ಎಂಬ ನೆಪವೂ ಸಲ್ಲದು. ದೆಹಲಿ ನಗರಸಭೆಯ ದಿನಗೂಲಿ ಹೆಂಗಸರಿಗೂ ಈ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿಯೇ ತೀರ್ಪಿತ್ತಿದೆ.

ಧಣಿಗಳ ಕಷ್ಟವನ್ನೂ ನಾವು ಮರೆಯಲಾಗದು. ಹತ್ತು ಮಂದಿಯ ಸಣ್ಣ ಅಂಗಡಿಗೆ ಆರು ತಿಂಗಳ ವೇತನವು ಹಗುರವಾದ ಹೊರೆಯಲ್ಲ. ಈ ಭಯದಿಂದ ಹೆಣ್ಣುಮಕ್ಕಳನ್ನು ಕೆಲಸಕ್ಕೇ ಸೇರಿಸಿಕೊಳ್ಳದವರೂ ಇದ್ದಾರೆ; ರಕ್ಷಣೆಗೆಂದು ಬಂದ ನಿಯಮವು ಹೀಗೆ ಹೊಸಿಲಲ್ಲಿಯೇ ತಡೆಯಾಗಿ ನಿಲ್ಲುತ್ತದೆ. ನೌಕರಳು ರಾಜ್ಯ ವಿಮೆಗೆ ಸೇರಿದ್ದು ಅದರ ಷರತ್ತುಗಳನ್ನು ಪೂರೈಸಿದ್ದರೆ ಹೆರಿಗೆಯ ವೇತನವನ್ನು ವಿಮಾ ನಿಗಮವೇ ಕೊಡುತ್ತದೆ. ಆದಕಾರಣ ವಿಮೆಯ ಕಂತನ್ನು ತಪ್ಪದೆ ಕಟ್ಟುವ ಧಣಿಗೆ ಈ ಚಿಂತೆ ಬಹಳ ಮಟ್ಟಿಗೆ ಕಡಿಮೆ.

ರಜೆಯ ಎಲ್ಲೆ ಹಿಗ್ಗುತ್ತಲೇ ಇದೆ. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಕರ್ನಾಟಕದ ಸಚಿವ ಸಂಪುಟವು 2025ರ ಅಕ್ಟೋಬರಿನಲ್ಲಿ ಒಪ್ಪಿಗೆಯಿತ್ತಿತು. ಅದನ್ನು ಪ್ರಶ್ನಿಸಿ ಕೆಲವು ಮಾಲೀಕರು ಉಚ್ಚ ನ್ಯಾಯಾಲಯಕ್ಕೂ ಹೋದರು. ತಂದೆಯ ಪಾಲು ಮಾತ್ರ ಇನ್ನೂ ಕಿರಿದು. ಸರ್ಕಾರಿ ನೌಕರನಿಗೆ ಪಿತೃತ್ವ ರಜೆಯುಂಟು. ಖಾಸಗಿ ಧಣಿಯನ್ನು ಈ ಬಗ್ಗೆ ಸಂಹಿತೆಯು ಕಟ್ಟಿಹಾಕಿಲ್ಲ. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವ ತಾಯಿಗಂತೂ ಈ 26 ವಾರಗಳು ಇನ್ನೂ ಕೈಗೆಟುಕಿಲ್ಲ. ಮೊದಲ ಮಗುವಿಗೆ ಕೇಂದ್ರದ ಮಾತೃವಂದನಾ ಯೋಜನೆಯ 5,000 ರೂಪಾಯಿಯೇ ಆಕೆಗೆ ಆಸರೆ.

ಧಣಿಗಳೇ, ನೇಮಕದ ದಿನವೇ ಈ ಸೌಲಭ್ಯಗಳನ್ನು ನೌಕರಳಿಗೆ ಬರೆದು ತಿಳಿಸಿರಿ. ಸೋದರಿಯರೇ, ನೋಟಿಸನ್ನು ಬರಹದಲ್ಲಿ ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಿರಿ; ಓದದೆ ಯಾವ ರಾಜೀನಾಮೆಗೂ ರುಜು ಹಾಕಬೇಡಿರಿ. ಮಗಳ ಬಾಣಂತನಕ್ಕೆ ಒಲೆಯ ಮುಂದೆ ನಿದ್ದೆಗೆಟ್ಟ ತಾಯಿಗೆ ಲೆಕ್ಕ ಕೇಳಿದವರಿಲ್ಲ. ಆ ತಾಯಿಯ ಮನಸ್ಸಿನಲ್ಲಿ ಒಂದಂಶವಾದರೂ ಧಣಿಯಲ್ಲಿದ್ದರೆ ಬಾಣಂತಿಯು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಯೇ ಬರದು.