ದೊಡ್ಡವರ ಕೈಗೂ ಮಣ್ಣು ಅಂಟಲಿ: ಕಲಾಕೂಟದ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಜ್ಯೇಷ್ಠದ ಅಮಾವಾಸ್ಯೆ ಹತ್ತಿರ ಬಂತೆಂದರೆ ಗೊರೇಬಾಳದ ಸುತ್ತಿನ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಮಣ್ಣು ಹದ ಮಾಡುವ ಕೆಲಸ ಶುರುವಾಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಗೊಂದು ಜೋಡಿ ಎತ್ತು ಬೇಕು, ಅವುಗಳ ಮುಂದೆ ಮೇವು ತಿನ್ನುವ ಗ್ವಾದಲಿ ಬೇಕು, ಹೋಳಿಗೆಯ ಎಡೆ ಬೇಕು. ಎತ್ತು ಕುಂಬಾರರ ಮನೆಯಿಂದ ಬಂದರೂ ಸರಿ, ಮನೆಯ ಹಿರಿಯರೇ ಕಟ್ಟೆಯ ಮೇಲೆ ಕೂತು ಮಾಡಿದರೂ ಸರಿ. ಅಲ್ಲಿಂದ ಮುಂದೆ ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ ಎಂದು ಉತ್ತರ ಕರ್ನಾಟಕದ ಮಳೆಗಾಲವೆಲ್ಲ ಮಣ್ಣಿನ ಮೂರ್ತಿಗಳದ್ದೇ.

ಇಂಥ ಸೀಮೆಯಲ್ಲೂ ‘ದೊಡ್ಡವರೆಲ್ಲ ಸೇರಿ ಕೈಯಾರೆ ಏನಾದರೂ ಮಾಡೋಣ, ಅದನ್ನೇ ಒಂದು ಕೂಟ ಮಾಡೋಣ’ ಎಂದರೆ ಹಿಂಜರಿಯುವವರೇ ಹೆಚ್ಚು. ಗೃಹಪ್ರವೇಶಕ್ಕೆ, ಹಳೆಯ ವಿದ್ಯಾರ್ಥಿಗಳ ಸಮಾಗಮಕ್ಕೆ, ಸ್ವಸಹಾಯ ಸಂಘದ ವಾರ್ಷಿಕೋತ್ಸವಕ್ಕೆ ಡಿಜೆ ತರಿಸುವುದು ಸುಲಭವೆನಿಸುತ್ತದೆ, ಒಂದು ಪುಟ್ಟಿ ಮಣ್ಣು ತರಿಸುವುದು ಕಷ್ಟವೆನಿಸುತ್ತದೆ. ಈ ಹಿಂಜರಿಕೆಯ ಹಿಂದೆ ಕೆಲವು ತಪ್ಪು ಕಲ್ಪನೆಗಳಿವೆ. ಕೂಟ ನಡೆಸಿಯೂ ಕೆಡಿಸಿಕೊಂಡವರ ಹಿಂದೆ ಇನ್ನು ಕೆಲವು ಇವೆ.

ಕಲ್ಪನೆ: ಇದು ಮಹಾನಗರದ ಹೊಸ ಶೋಕಿ

ಹೊಸದು ಅದರ ವ್ಯಾಪಾರ ಮಾತ್ರ. 2005ರ ಕತ್ರಿನಾ ಚಂಡಮಾರುತದಿಂದ ನಲುಗಿದ್ದ ಅಮೆರಿಕದ ಲೂಸಿಯಾನಾದಲ್ಲಿ 2007ರಲ್ಲಿ ಇಬ್ಬರು ಗೆಳತಿಯರು ಜನ ಸೇರಿ ಚಿತ್ರ ಬಿಡಿಸುವ ಅಂಗಡಿಯೊಂದನ್ನು ತೆರೆದರು. ‘ಪೇಂಟಿಂಗ್ ವಿತ್ ಎ ಟ್ವಿಸ್ಟ್’ ಎಂಬ ಆ ಅಂಗಡಿಗೆ ಮುಂದೆ ದೇಶದ ತುಂಬ ಶಾಖೆಗಳಾದವು. ಬೆಂಗಳೂರಿನ ಕೆಫೆಗಳಲ್ಲಿ ಈಗ ಶನಿವಾರ ಸಂಜೆ ನಡೆಯುತ್ತಿರುವುದು ಅದೇ ಮಾದರಿ.

ಆದರೆ ದೊಡ್ಡವರು ಒಟ್ಟಿಗೆ ಕೂತು ಕೈಕೆಲಸ ಮಾಡುವುದು ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ಬೇಸಿಗೆಯ ಮಧ್ಯಾಹ್ನ ನಾಲ್ಕಾರು ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸುತ್ತ ಕೂತು ಕೌದಿ ಹೊಲಿಯುವುದೂ ಕಲಾಕೂಟವೇ. ಇನ್ನೂ ಹಿಂದೆ ಹೋಗುವುದಾದರೆ ಲಿಂಗಸುಗೂರು ತಾಲ್ಲೂಕಿನಲ್ಲಿ, ಮುದಗಲ್ಲಿನ ಹತ್ತಿರ ಪಿಕ್ಲಿಹಾಳವಿದೆ. ನವಶಿಲಾಯುಗದ ದನಗಾಹಿಗಳು ಬದುಕಿದ ಆ ಗುಡ್ಡಗಳ ಬಂಡೆಗಳ ಮೇಲೆ ಡುಬ್ಬದ ಎತ್ತುಗಳನ್ನು ಬರೆದಿದ್ದಾರೆ, ಕುಟ್ಟಿ ಮೂಡಿಸಿದ್ದಾರೆ. ಪುರಾತತ್ತ್ವಜ್ಞ ಎಫ್.ಆರ್. ಆಲ್ಚಿನ್ ಅಲ್ಲಿ ನಡೆಸಿದ ಉತ್ಖನನದ ವರದಿ 1960ರಲ್ಲಿ ಪ್ರಕಟವಾಯಿತು. ಇಂದು ಮಣ್ಣೆತ್ತು ಮಾಡುವವರು ಬೆರಳಲ್ಲಿ ಎಬ್ಬಿಸುವ ಡುಬ್ಬವೂ ಅದೇ.

ಕಲ್ಪನೆ: ‘ನನಗೆ ಕಲೆ ಬರೋದಿಲ್ಲ’ ಎನ್ನುವವರು ಬಂದು ಮಾಡುವುದೇನು?

ಹೆಚ್ಚು ಜನ ದೂರ ಉಳಿಯುವುದು ಈ ಮಾತಿನಿಂದ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ಮಂದಿ ವಯಸ್ಕರಿಗೆ 45 ನಿಮಿಷ ಮಣ್ಣು, ಮಾರ್ಕರ್ ಪೆನ್ನು, ಕತ್ತರಿಸಿ ಅಂಟಿಸುವ ಕಾಗದ ಕೊಟ್ಟು ಮನಸ್ಸಿಗೆ ಬಂದದ್ದನ್ನು ಮಾಡಲು ಬಿಟ್ಟರು. ಮೊದಲು ಮತ್ತು ನಂತರ ಜೊಲ್ಲಿನ ಮಾದರಿ ತೆಗೆದು, ಒತ್ತಡದ ಹಾರ್ಮೋನಾದ ಕಾರ್ಟಿಸಾಲನ್ನು ಅಳೆದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸುಮಾರು ಶೇ. 75ರಷ್ಟು ಜನರಲ್ಲಿ ಅದು ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರಿಗೂ ಏನೂ ಗೊತ್ತಿಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ಚಿಕ್ಕ ಅಧ್ಯಯನ, ಉಳಿದ ಕಾಲುಭಾಗದವರಲ್ಲಿ ಇಳಿಕೆಯಾಗಲಿಲ್ಲ ಎಂಬುದನ್ನೂ ಮರೆಯಬಾರದು. ‘ಕಲಾಕೂಟಕ್ಕೆ ಬಂದರೆ ಖಿನ್ನತೆ ಹೋಗುತ್ತದೆ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಲು ಇದು ಆಧಾರವಾಗದು. ಕೈ ಪಳಗಿಲ್ಲವೆಂದು ಹಿಂದೆ ಸರಿಯಬೇಕಿಲ್ಲ ಎನ್ನಲು ಮಾತ್ರ ಸಾಕು.

ಊರಿನ ರೂಢಿ ಇದನ್ನು ಮೊದಲೇ ಒಪ್ಪಿಕೊಂಡಿದೆ. ಅಮಾವಾಸ್ಯೆಯ ಮರುದಿನ ಹುಡುಗರು ಕಾಲು ಮುರಿದ ಕುಂಟೆತ್ತನ್ನು ಹಿಡಿದು ಮನೆಮನೆಗೆ ಹೋಗಿ ಜೋಳ, ದುಡ್ಡು ಕೇಳುತ್ತಾರೆ. ಕುಂಟೆಂದು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ.

ಆದ್ದರಿಂದ ಕೂಟದಲ್ಲಿ ಸ್ಪರ್ಧೆ ಬೇಡ, ಬಹುಮಾನ ಬೇಡ. ಒಂದು ಎತ್ತಿಗೆ ಕಪ್ ಕೊಟ್ಟರೆ ಉಳಿದವರೆಲ್ಲ ತಮ್ಮ ಎತ್ತನ್ನು ಬೆನ್ನ ಹಿಂದೆ ಮುಚ್ಚಿಡುತ್ತಾರೆ.

ಕಲ್ಪನೆ: ಮಣ್ಣೇ ತಾನೆ, ಹೊಲದಿಂದ ತಂದರಾಯಿತು

ಆಗುವುದಿಲ್ಲ. ಕೂಟಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ.

ಗೊರೇಬಾಳದ ಸುತ್ತ ಇರುವುದು ಎರೆ ಭೂಮಿ. ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಬಗೆಯ ಜೇಡಿಯ ಕಣಗಳು ಹೆಚ್ಚು. ಅವು ನೀರು ಕುಡಿದು ಉಬ್ಬುತ್ತವೆ, ಆರಿದಾಗ ಅಷ್ಟೇ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲ ಕಾಲು ಸಿಕ್ಕುವಷ್ಟು ಬಿರಿಯುವುದು ಇದೇ ಕಾರಣಕ್ಕೆ. ಬರಿಯ ಎರೆಯಲ್ಲಿ ಮಾಡಿದ ಎತ್ತು ಸಂಜೆಗೆ ಚೆಂದ ಕಾಣುತ್ತದೆ. ಎರಡು ದಿನದಲ್ಲಿ ಕೊರಳ ಬುಡದಲ್ಲಿ, ಕಾಲಿನ ಸಂದಿಯಲ್ಲಿ ಸೀಳು ಬರುತ್ತದೆ.

ಸಿಂಧನೂರು ಭಾಗಕ್ಕೆ ಇನ್ನೊಂದು ತೊಡಕಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ ಬೆಳೆದ ಎಷ್ಟೋ ಹೊಲಗಳು ನೀರು ನಿಂತು ಸೌಳಾಗಿವೆ. ಈ ಸೌಳು ನೆಲಗಳ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಳಿಂದ ಅಧ್ಯಯನ ನಡೆದಿದೆ. ಸೌಳು ಮಣ್ಣಿನಲ್ಲಿ ಗೊಂಬೆ ಮಾಡಿದರೆ ಆರುವಾಗ ಉಪ್ಪು ಮೇಲಕ್ಕೆ ಬಂದು ಬೆಳ್ಳಗೆ ಹಿಟ್ಟು ಬಳಿದಂತಾಗುತ್ತದೆ, ಮೇಲೆ ಹಚ್ಚಿದ ಬಣ್ಣ ಉದುರುತ್ತದೆ.

ಕುಂಬಾರರು ಹಳೆಯ ಕೆರೆಯ ಹೂಳನ್ನು ಹುಡುಕಿ ಹೋಗುವುದು ಸುಮ್ಮನೆ ಅಲ್ಲ. ತಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಸಣ್ಣ ಮರಳನ್ನೋ ಬೂದಿಯನ್ನೋ ಬೆರೆಸಿ ತುಳಿಯುತ್ತಾರೆ. ಮರಳು, ಬೂದಿ ಕುಗ್ಗುವುದಿಲ್ಲವಾದ್ದರಿಂದ ಒಟ್ಟು ಮುದ್ದೆಯ ಕುಗ್ಗುವಿಕೆ ಕಡಿಮೆಯಾಗುತ್ತದೆ. ಹತ್ತಿಯ ಎಳೆ ಕಲಸಿದರೆ ಮಣ್ಣಿನ ಹಿಡಿತ ಹೆಚ್ಚುತ್ತದೆ. ಹದವಾಯಿತೇ ಎಂದು ನೋಡಲು ಬೆರಳ ಗಾತ್ರದ ಬತ್ತಿ ಹೊಸೆದು ಬೆರಳಿಗೆ ಸುತ್ತಬೇಕು. ಬಿರಿಯದೆ ಸುತ್ತಿಕೊಂಡರೆ ಮಣ್ಣು ತಯಾರು. ಕೂಟ ಭಾನುವಾರವಾದರೆ ಈ ಕೆಲಸ ಹಿಂದಿನ ವಾರದಲ್ಲೇ ಮುಗಿದಿರಬೇಕು. ಒಬ್ಬರಿಗೆ ಒಂದು ಕಿಲೋ ಹದ ಮಣ್ಣು ಇಟ್ಟರೆ ಜೋಡಿ ಎತ್ತು, ಗ್ವಾದಲಿ ಎರಡಕ್ಕೂ ಸಾಲುತ್ತದೆ.

ಕಾಲು, ಕೊಂಬು ಅಂಟಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ನಡುವೆ ತೆಳು ಕೆಸರು ಸವರಿ ಒತ್ತಬೇಕು. ಬರಿದೆ ಒತ್ತಿದ್ದು ಆರಿದ ಮೇಲೆ ಕಳಚಿ ಬೀಳುತ್ತದೆ.

ಕಲ್ಪನೆ: ಬಿಸಿಲಿಗಿಟ್ಟರೆ ಬೇಗ ಗಟ್ಟಿ, ಓವನ್‌ನಲ್ಲಿಟ್ಟರೆ ಕಲ್ಲು

ಬಿಸಿಲಿಗೆ ಹೊರಮೈ ಮೊದಲು ಆರಿ ಕುಗ್ಗುತ್ತದೆ, ಒಳಗು ಹಸಿಯಾಗೇ ಇರುತ್ತದೆ. ಆ ಎಳೆದಾಟಕ್ಕೆ ಗೊಂಬೆ ಸೀಳುತ್ತದೆ. ನೆರಳಲ್ಲಿ, ಮೊದಲ ದಿನ ತೆಳು ಬಟ್ಟೆ ಹೊದಿಸಿ, ನಾಲ್ಕೈದು ದಿನ ನಿಧಾನ ಆರಿಸಬೇಕು. ಅಂದರೆ ಬಂದವರು ಅದೇ ಸಂಜೆ ಗೊಂಬೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಲಾಗದು. ಇದನ್ನು ಕರೆಯುವಾಗಲೇ ಹೇಳಬೇಕು. ಇಲ್ಲವೇ ಹಳೆಯ ಸೀರೆ ಪೆಟ್ಟಿಗೆ, ರಟ್ಟಿನ ತಟ್ಟೆ ಕೊಟ್ಟು ಕಳಿಸಬೇಕು.

ಓವನ್ ವಿಷಯದಲ್ಲಿ ಆಸೆ ಬೇಡ. ಮಣ್ಣು ಮಡಕೆಯಾಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ಬೇಕು. ಅಡುಗೆಮನೆಯ ಓವನ್ ಸಾಮಾನ್ಯವಾಗಿ 250ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಲಿಟ್ಟದ್ದು ಒಣಗುತ್ತದೆಯೇ ಹೊರತು ಸುಡುವುದಿಲ್ಲ, ನೀರು ಬಿದ್ದರೆ ಮತ್ತೆ ಕೆಸರೇ. ಪೂಜೆ ಮುಗಿದ ಮಣ್ಣೆತ್ತು ನೀರಿನಲ್ಲಿ ಕರಗುವುದೂ ಸುಡದೇ ಇರುವುದರಿಂದಲೇ.

ಕಲ್ಪನೆ: ಮನೆಯಲ್ಲಿ ಉಳಿದ ಯಾವ ಬಣ್ಣವಾದರೂ ನಡೆಯುತ್ತದೆ

ಬಾಗಿಲಿಗೆ ಹಚ್ಚಿ ಮಿಕ್ಕ ಎನಾಮೆಲ್ ಡಬ್ಬಿ ಅಟ್ಟದ ಮೇಲಿರುತ್ತದೆ. ಅದು ಎಷ್ಟು ಹಳೆಯದು ಎಂದು ನೋಡಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕಿಂತ ಹಿಂದಿನ ಡಬ್ಬಿಯನ್ನು ಕೂಟಕ್ಕೆ ತರದಿರುವುದೇ ಒಳ್ಳೆಯದು. ಬರಿಗೈಯಲ್ಲಿ ಬಣ್ಣ ಮೆತ್ತಿಕೊಂಡು, ಅದೇ ಕೈಯಲ್ಲಿ ಮಿರ್ಚಿ ತಿನ್ನುವ ಜಾಗವದು.

ಸಹಜ ಬಣ್ಣಗಳೆಲ್ಲ ಒಂದೇ ಅಲ್ಲ. ಅರಿಶಿನ ಕಣ್ಣು ಕುಕ್ಕುವ ಹಳದಿ ಕೊಡುತ್ತದೆ, ಆದರೆ ಬೆಳಕಿಗೆ ಬೇಗ ಮಾಸುತ್ತದೆ. ಅದಕ್ಕೆ ಸುಣ್ಣ ತಗುಲಿಸಿದರೆ ಕೆಂಪಾಗುತ್ತದೆ. ಸುಣ್ಣ ಮಾತ್ರ ಕಣ್ಣಿಗೆ ಬಿದ್ದರೆ ಅಪಾಯ, ಹೆಚ್ಚು ಹೊತ್ತು ತಾಗಿದರೆ ಚರ್ಮವನ್ನೂ ಸುಡುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದ್ದು, ಅದು ಮಾಸದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಶಿಲಾಚಿತ್ರಗಳು ಇಂದಿಗೂ ಕಾಣುತ್ತಿರುವುದು ಆ ಬಣ್ಣದ ಗಟ್ಟಿತನದಿಂದ. ಅಂಟಿಗೆ ಬೇಕಾದರೆ ಹುಣಸೆಬೀಜದ ಸರಿ ಇದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ತಮ್ಮ ಮರದ ಗೊಂಬೆಗಳ ಕೆಲಸದಲ್ಲಿ ಬಳಸುವುದೂ ಅದನ್ನೇ.

ಕಲ್ಪನೆ: ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಮಾಡಿಸಬಹುದು

ಎರಡು ಕೆಲಸಗಳನ್ನು ಬಿಟ್ಟುಬಿಡುವುದು ಒಳಿತು. ಒಂದು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ನೇರ ಕೈ ಅದ್ದಿ ಅಚ್ಚು ತೆಗೆಯುವುದು. ನೀರು ಬೆರೆತ ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದಪ್ಪ ಮುದ್ದೆಯಾದರೆ ಮೈ ಸುಡುವಷ್ಟು. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರಿನ ಶಾಲೆಯೊಂದರಲ್ಲಿ ಹೀಗೆ ಕೈ ಅದ್ದಿದ ಹದಿನಾರರ ಹುಡುಗಿ ತನ್ನ ಬಹುಪಾಲು ಬೆರಳುಗಳನ್ನೇ ಕಳೆದುಕೊಂಡಳು. ಇನ್ನೊಂದು ಎಪಾಕ್ಸಿ ರೆಸಿನ್. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಬಹುದು, ಒಮ್ಮೆ ಹುಟ್ಟಿದರೆ ಅದು ಉಳಿದುಕೊಳ್ಳಬಹುದು. ಕೈಗವಸು, ಗಾಳಿ ಆಡುವ ಕೋಣೆ, ತಿಳಿದವರ ಮೇಲ್ವಿಚಾರಣೆ ಇಲ್ಲದೆ ಅದು ಕೂಟದ ಕೆಲಸವಲ್ಲ.

ಸೂಜಿ ಕೆಲಸದಲ್ಲಿ ಅಪಾಯವಿಲ್ಲ, ಆದರೆ ಅವಸರ ಸಲ್ಲದು. ಮಸ್ಕಿ, ಲಿಂಗಸುಗೂರು ಸುತ್ತ ಲಂಬಾಣಿ ತಾಂಡಾಗಳಿವೆ, ಅಲ್ಲಿನ ಕಸೂತಿಯನ್ನು ‘ಒಂದು ಸಂಜೆಯಲ್ಲಿ ಕಲಿಸಿಬಿಡಿ’ ಎಂದು ಕೇಳುವವರೂ ಇದ್ದಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯಪಡೆಯ ಸಭೆಯ ಹೊತ್ತಿಗೆ 1,755 ಲಂಬಾಣಿ ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅದರ ಹಿಂದೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ ದುಡಿಮೆಯಿತ್ತು. ಹೊಸಬರಿಗೆ ಮೂರು ತಾಸಿನಲ್ಲಿ ಒಂದು ಕನ್ನಡಿ ಕೂರಿಸಲು ಬಂದರೆ ಅದೇ ದೊಡ್ಡದು. ಅಷ್ಟಕ್ಕೇ ಅಳತೆ ಹಾಕಿ ಕೆಲಸ ಕೊಡಬೇಕು.

ಕಲ್ಪನೆ: ಜನ ಹೆಚ್ಚಾದಷ್ಟೂ ಕಳೆ

ಮದುವೆಗೆ ಸರಿ, ಇದಕ್ಕಲ್ಲ. ಕಲಿಸುವವರು ಒಬ್ಬರಾದರೆ ಹತ್ತು ಹನ್ನೆರಡು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಹಿಂದೆ ಕೂತವರಿಗೆ ಕೈ ಕಾಣುವುದಿಲ್ಲ. ಮಂಡಿ ನೋವಿನವರಿಗೆ ಎತ್ತರದ ಮೇಜು, ಉಳಿದವರಿಗೆ ಗೋಣಿಚೀಲ. ಒಗ್ಗರಣಿ, ಮಿರ್ಚಿ ಕೆಲಸ ಮುಗಿದ ಮೇಲೆ, ಬೇರೆ ಜಾಗದಲ್ಲಿ. ಕೈ ತೊಳೆಯಲು ಬಕೆಟ್ ಇಟ್ಟು, ಮಣ್ಣು ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಗಿಡಕ್ಕೆ ಚೆಲ್ಲಬೇಕು. ಸಿಂಕಿಗೆ ಸುರಿದ ಜೇಡಿ ಪೈಪು ಕಟ್ಟಿಸುತ್ತದೆ.

ಕೊನೆಯ ಕಲ್ಪನೆ: ಕುಂಬಾರರಿಗೆ ಮಣ್ಣಿನ ದುಡ್ಡು ಕೊಟ್ಟರೆ ಆಯಿತು

ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ನಗರದ ತರಬೇತುದಾರರಿಗೆ ತಲೆಗಿಷ್ಟು ಎಂದು ಶುಲ್ಕ ಕೊಡುವವರೇ ಊರಿನ ಕುಂಬಾರರಿಗೆ ಬುಟ್ಟಿಯ ಲೆಕ್ಕದಲ್ಲಿ ಕೊಡುತ್ತಾರೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರಿಕೆಯೂ ಸೇರಿ 18 ಕಸುಬುಗಳಿವೆ, ಅಲ್ಲಿ ತರಬೇತಿ ಪಡೆಯುವವರಿಗೇ ದಿನಕ್ಕೆ 500 ರೂಪಾಯಿ ಭತ್ಯೆ. ಕಲಿಯುವವರಿಗೇ ಅಷ್ಟು ಸಲ್ಲುವಾಗ ಕಲಿಸುವವರಿಗೆ ಅದಕ್ಕಿಂತ ಕಡಿಮೆ ಕೊಡುವುದು ನ್ಯಾಯವಲ್ಲ. ಮಣ್ಣಿನ ಬೆಲೆ ಬೇರೆ, ಹದ ಮಾಡಿದ ದಿನಗಳ ಕೂಲಿ ಬೇರೆ, ಕಲಿಸಿದ್ದಕ್ಕೆ ಶುಲ್ಕ ಬೇರೆ. ಈ ಸಲ ಮಣ್ಣೆತ್ತಿನ ಅಮಾವಾಸ್ಯೆಗೆ ಗೊರೇಬಾಳದಲ್ಲೋ ಸಿಂಧನೂರಿನಲ್ಲೋ ಇಂಥ ಕೂಟ ನಡೆಸುವ ಮನಸ್ಸಿದ್ದವರು ಮೊದಲು ಕುಂಬಾರರ ಮನೆಗೆ ಹೋಗಿ ಈ ಮೂರೂ ಲೆಕ್ಕ ಮಾತಾಡಲಿ, ಆಮೇಲೆ ದಿನ ಗೊತ್ತು ಮಾಡಲಿ.